ಹುಳು ಮನೆಗೆ ಗೋಣಿ ಕಟ್ಟುವ ಹೊತ್ತು: ಸ್ಪ್ರೆಡ್‌ಶೀಟ್‌ನಲ್ಲಿ ಸೈನ್, ಕೊಸೈನ್ ಕೂರಿಸಿದ ಲೆಕ್ಕ

ಕೆಲಸ ಇಷ್ಟೇ. ಬೇಸಿಗೆಯಲ್ಲಿ ರೇಷ್ಮೆ ಹುಳು ಸಾಕುವ ಮನೆಯ ಕಿಟಕಿಗೆ ಗೋಣಿಚೀಲ ನೆನೆಸಿ ಕಟ್ಟುತ್ತೇವಲ್ಲ, ಅದನ್ನು ಎಷ್ಟು ಹೊತ್ತಿಗೆ ಕಟ್ಟಬೇಕು ಅಂತ ಅಳೆದು ಹೇಳುವುದು. ಜಾಗ ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲೂಕು. ಮನೆ ಅರವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲ. ಮೇಲೆ ಸಿಮೆಂಟ್ ಶೀಟು, ಒಳಗೆ ಮೂರು ಅಂತಸ್ತಿನ ರ‍್ಯಾಕು.

ಚಾಕಿ ಹುಳುವಿಗೆ, ಅಂದರೆ ಎಳೆ ಹುಳುವಿಗೆ, 27ರಿಂದ 28 ಡಿಗ್ರಿ ಬೇಕು. ನಾಲ್ಕನೇ ಜ್ವರ (ಪೊರೆ ಕಳಚುವ ಹೊತ್ತಿನ ನಿದ್ದೆ) ಎದ್ದ ದೊಡ್ಡ ಹುಳುವಿಗೆ 24-25 ಇದ್ದರೆ ಒಳ್ಳೆಯದು. ಬೈವೋಲ್ಟೀನ್ ಅನ್ನುವ ತಳಿಯ ಹುಳುವಂತೂ ಮಿಶ್ರತಳಿಯಷ್ಟು ಸೆಕೆ ತಡೆಯುವುದಿಲ್ಲ. ನಾವು ಮಾತ್ರ ಹನ್ನೆರಡು ಗಂಟೆಗೆ, ಊಟಕ್ಕೆ ಏಳುವ ಮುಂಚೆ ಗೋಣಿ ನೆನೆಸುತ್ತಿದ್ದೆವು. ಅದು ತಡ ಅಂತ ನನಗೆ ಅನುಮಾನ ಇತ್ತು. ಅಪ್ಪನಿಗೆ ಇರಲಿಲ್ಲ.

"ಮಧ್ಯಾಹ್ನ ಸೆಕೆ ಆಗ್ತದೆ ಅನ್ನೋಕೆ ಕಂಪ್ಯೂಟರ್ ಬೇಕೇನೋ?" ಅಂದರು.

ಕಂಪ್ಯೂಟರ್ ಬೇಕಿತ್ತು, ಆದರೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಕಿರಲಿಲ್ಲ. ನೇರ ಗೆರೆ ಎಳೆಯುವ ಸಾದಾ ಲೀನಿಯರ್ ರಿಗ್ರೆಷನ್‌ನಲ್ಲೇ ದಿನಾ ಏರಿ ಇಳಿಯುವ ಲೆಕ್ಕವನ್ನೂ ಮಾಡಬಹುದು. ನಡುವೆ ಎಲ್ಲೆಲ್ಲಿ ಕೈ ಕೊಡುತ್ತದೆ ಅನ್ನುವುದೇ ಈ ಬರಹದ ಮುಖ್ಯ ಭಾಗ.

ಹಂತ 1: ಅಳೆಯುವ ಡಬ್ಬಿ

ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ತಂದದ್ದು: ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು 450 ರೂಪಾಯಿ, ಸೆಕೆ ಅಳೆಯುವ, ನೀರು ತಾಗದ ಡಿಎಸ್18ಬಿ20 ಸೆನ್ಸರ್ ಎರಡಕ್ಕೆ 300, ಡಿಎಸ್3231 ಗಡಿಯಾರದ ಮಾಡ್ಯೂಲ್ 180, ಎಸ್‌ಡಿ ಕಾರ್ಡ್ ಮಾಡ್ಯೂಲ್ 80. ವೈರು, 4.7 ಕಿಲೋ ಓಮ್ ರೆಸಿಸ್ಟರ್, ಪ್ಲಾಸ್ಟಿಕ್ ಡಬ್ಬಿ ಎಲ್ಲ ಸೇರಿ 150. ಕಾರ್ಡು ಹಳೇ ಫೋನಿನದು.

ಒಂದು ಸೆನ್ಸರ್ ಮೇಲಿನ ಅಂತಸ್ತಿಗೆ, ಇನ್ನೊಂದು ಕೆಳಗಿನದಕ್ಕೆ. ಐದು ನಿಮಿಷಕ್ಕೊಂದು ಅಳತೆ. ಎರಡು ಬೆಳೆಯ ನಡುವೆ ಮನೆ ಖಾಲಿ ಇರುವಾಗ ಶುರು ಮಾಡಿದೆ. ಹುಳು ಇರುವಾಗ ಗೋಣಿ, ಸೊಪ್ಪು, ಬಾಗಿಲು ತೆಗೆಯುವುದು ಎಲ್ಲ ಸೇರಿ ಅಳತೆ ಕಲಸಿಹೋಗುತ್ತದೆ. ಮೊದಲು ಮನೆಯ ಸ್ವಂತ ಸೆಕೆ ಗೊತ್ತಾಗಬೇಕಿತ್ತು.

ಇಲ್ಲಿ ಆದ ಎಡವಟ್ಟುಗಳು:

ಕರೆಂಟ್ ಹೋಗಿ ಬಂದಾಗಲೆಲ್ಲ ಫೈಲಿನಲ್ಲಿ 85 ಡಿಗ್ರಿ ಅಂತ ಒಂದು ಸಾಲು ಬರುತ್ತಿತ್ತು. ಅದು ಸೆಕೆ ಅಲ್ಲ. ಡಿಎಸ್18ಬಿ20ಗೆ ವಿದ್ಯುತ್ ಸಿಕ್ಕ ತಕ್ಷಣ, ಮೊದಲ ಅಳತೆ ಆಗುವ ಮುಂಚೆ, ಒಳಗೆ ಇರುವ ಅಂಕಿಯೇ 85. ವೈರ್ ಕಳಚಿದರೆ ಸೆನ್ಸರ್ ಓದುವ ಪ್ರೋಗ್ರಾಂ (ಲೈಬ್ರರಿ) ಮೈನಸ್ 127 ಅಂತ ಬರೆಯುತ್ತದೆ. ಎರಡನ್ನೂ ಮೊದಲೇ ಅಳಿಸಬೇಕು. ಇಂಥ ಒಂದೆರಡು ಸಾಲು ಉಳಿದರೂ ರಿಗ್ರೆಷನ್ ಅವುಗಳ ಹಿಂದೆ ಓಡುತ್ತದೆ. ಅದು ತಪ್ಪಿನ ವರ್ಗ ತೆಗೆದು ಕೂಡಿಸುವ ಲೆಕ್ಕ, ಹಾಗಾಗಿ ದೂರದ ಅಂಕಿಗೆ ಜಾಸ್ತಿ ಮರ್ಯಾದೆ.

ಪವರ್ ಬ್ಯಾಂಕ್ ಹಾಕಿ ನೋಡಿದೆ. ಬೋರ್ಡು ಎಳೆಯುವ ಕರೆಂಟು ಕಡಿಮೆ ಅಂತ ಅದು ತಾನೇ ಆಫ್ ಆಗುತ್ತಿತ್ತು. ಕೊನೆಗೆ ವೈಫೈ ರೂಟರ್‌ಗೆ ಹಾಕುವ, 5 ವೋಲ್ಟ್ ಕೊಡುವ ಸಣ್ಣ ಯುಪಿಎಸ್ ತಂದೆ. 900 ರೂಪಾಯಿ. ಒಟ್ಟು 2,060 ಆಯಿತು.

ಯುಪಿಎಸ್ ಬೇಕೇ ಬೇಕಿತ್ತಾ? ಬೇಕಿತ್ತು. ಡೇಟಾದಲ್ಲಿ ಅಲ್ಲಲ್ಲಿ ಸಾಲು ಬಿಟ್ಟುಹೋದರೆ ರಿಗ್ರೆಷನ್‌ಗೆ ಏನೂ ತೊಂದರೆಯಿಲ್ಲ, ಇದ್ದ ಸಾಲುಗಳಲ್ಲೇ ಲೆಕ್ಕ ಮಾಡುತ್ತದೆ. ಆದರೆ ಕರೆಂಟು ದಿನಾ ಅದೇ ಹೊತ್ತಿಗೆ ಹೋದರೆ ಆ ಹೊತ್ತಿನ ಅಳತೆಯೇ ಇರುವುದಿಲ್ಲ. ಗೆರೆ ಅಲ್ಲಿ ತನಗೆ ತೋಚಿದಂತೆ ಹೋಗುತ್ತದೆ. ನನಗೆ ಬೇಕಾಗಿದ್ದದ್ದೇ ಮಧ್ಯಾಹ್ನ, ಕರೆಂಟು ಹೋಗುತ್ತಿದ್ದದ್ದೂ ಮಧ್ಯಾಹ್ನ.

ಇನ್ನೊಂದು ಸಣ್ಣ ಮಾತು. ಗಡಿಯಾರದ ಮಾಡ್ಯೂಲ್ ಬಿಟ್ಟು ಇಂಟರ್ನೆಟ್‌ನಿಂದ ಹೊತ್ತು ತೆಗೆದುಕೊಂಡರೆ ಬರುವುದು ಗ್ರೀನಿಚ್ ಹೊತ್ತು. ಐದೂವರೆ ಗಂಟೆ ಕೂಡಿಸದಿದ್ದರೆ ಮಧ್ಯಾಹ್ನ 3:20ರ ಸೆಕೆ ಬೆಳಿಗ್ಗೆ 9:50ಕ್ಕೆ ಬಂದು ಕೂರುತ್ತದೆ.

ಹಂತ 2: ಕಾಲಂ ಮಾಡುವುದು

ಮಳೆ ಬೀಳದ ಮೂರು ವಾರದ ಅಳತೆಯನ್ನು ಗಂಟೆಯ ಸರಾಸರಿ ಮಾಡಿ ಲಿಬ್ರೆಆಫೀಸ್ ಕ್ಯಾಲ್ಕ್ ಅನ್ನುವ ಸ್ಪ್ರೆಡ್‌ಶೀಟ್‌ಗೆ ಹಾಕಿದೆ. ಸುಮಾರು 500 ಸಾಲು. ದಿನಾಂಕವನ್ನೇ ಕೊಟ್ಟು ನೇರ ಗೆರೆ ಎಳೆದರೆ ಆರ್-ಸ್ಕ್ವೇರ್ (ಗೆರೆ ಅಳತೆಗೆ ಎಷ್ಟು ಹೊಂದುತ್ತದೆ ಅನ್ನುವ ಅಂಕಿ; 1 ಅಂದರೆ ಪೂರ್ತಿ, 0 ಅಂದರೆ ಏನೂ ಇಲ್ಲ) ಸೊನ್ನೆಯ ಪಕ್ಕದಲ್ಲೇ ನಿಂತಿತು. ಸಹಜ. ಸೆಕೆ ದಿನಾ ಏರಿ ಇಳಿಯುತ್ತದೆ, ನೇರ ಗೆರೆಗೆ ಅದು ಕಾಣುವುದಿಲ್ಲ.

ದಾರಿ ಹೀಗೆ. ಪ್ರತಿ ಸಾಲಿಗೂ ಎರಡು ಹೊಸ ಕಾಲಂ ಮಾಡಬೇಕು. ಒಂದರಲ್ಲಿ 2 × ಪೈ × ಗಂಟೆ ÷ 24 ಇದರ ಸೈನ್, ಇನ್ನೊಂದರಲ್ಲಿ ಅದರದೇ ಕೊಸೈನ್. ಇವೆರಡನ್ನೂ ರಿಗ್ರೆಷನ್‌ಗೆ ಕೊಟ್ಟರೆ ಮುಗಿಯಿತು. ಸೆಕೆ ಯಾವ ಹೊತ್ತಿಗೆ ತುದಿ ಮುಟ್ಟುತ್ತದೆ ಅಂತ ಮೊದಲೇ ಗೊತ್ತಿರಬೇಕಿಲ್ಲ. ಸೈನ್ ಎಷ್ಟು ಪಾಲು, ಕೊಸೈನ್ ಎಷ್ಟು ಪಾಲು ಅನ್ನುವುದರಲ್ಲೇ ಆ ಹೊತ್ತು ಅಡಗಿರುತ್ತದೆ. ಜೀವವಿಜ್ಞಾನದವರು ಇದನ್ನೇ ಕೊಸೈನರ್ ಅನ್ನುತ್ತಾರೆ. ಹುಡುಕುವವರಿಗೆ ಆ ಹೆಸರು ಉಪಯೋಗ.

ಕ್ಯಾಲ್ಕ್‌ನಲ್ಲಿ ಇನ್ನೂ ಸುಲಭ. ಅದು ದಿನಾಂಕ, ಹೊತ್ತು ಎರಡನ್ನೂ ಸೇರಿಸಿ ದಿನದ ಲೆಕ್ಕದ ಒಂದೇ ಅಂಕಿಯಾಗಿ ಇಟ್ಟುಕೊಂಡಿರುತ್ತದೆ. ಒಂದು ದಿನ ಅಂದರೆ 1. ಹಾಗಾಗಿ ಆ ಅಂಕಿಯನ್ನೇ 2 × ಪೈನಿಂದ ಗುಣಿಸಿದರೆ ಸಾಕು, 24ರಿಂದ ಭಾಗಿಸುವ ಗೋಜಿಲ್ಲ.

ದಿನದಿಂದ ದಿನಕ್ಕೆ ಸೆಕೆ ಏರುತ್ತಿದೆಯಾ ನೋಡಲು ದಿನಾಂಕದ ಕಾಲಂ ಕೂಡ ಸೇರಿಸಿದ್ದೆ. ಆಗ ಸರಾಸರಿ ಬರಬೇಕಾದ ಜಾಗದಲ್ಲಿ ಮೈನಸ್ ಮೂರು ಸಾವಿರ ಚಿಲ್ಲರೆ ಡಿಗ್ರಿ ಬಂತು! ಕ್ಯಾಲ್ಕ್‌ನ ದಿನದ ಎಣಿಕೆ ಶುರುವಾಗುವುದು 1899ರ ಡಿಸೆಂಬರ್ 30ರಿಂದ. ಗೆರೆಯನ್ನು ಅಲ್ಲಿಯವರೆಗೆ ಹಿಂದಕ್ಕೆ ಎಳೆದರೆ ಸಿಗುವ ಅಂಕಿ ಅದು. ಮೊದಲ ಅಳತೆಯ ದಿನಾಂಕವನ್ನು ಎಲ್ಲದರಿಂದ ಕಳೆದ ಮೇಲೆ ಸರಿಹೋಯಿತು. ಏರಿಕೆ ಲೆಕ್ಕಕ್ಕೆ ಬರುವಷ್ಟು ಇರಲಿಲ್ಲ, ಆ ಕಾಲಂ ತೆಗೆದುಬಿಟ್ಟೆ.

ಹಂತ 3: ಎರಡು ತಪ್ಪು ಸೇರಿ ಒಂದು ಸರಿ

ಇಲ್ಲಿ ನಿಧಾನವಾಗಿ ಓದಿ. ನನ್ನ ಹೊತ್ತು ಜಾಸ್ತಿ ಹೋದದ್ದು ಇಲ್ಲೇ.

ಕ್ಯಾಲ್ಕ್‌ನಲ್ಲಿ ರಿಗ್ರೆಷನ್ ಮಾಡಲು ಲಿನೆಸ್ಟ್ ಅನ್ನುವ ಫಂಕ್ಷನ್ ಇದೆ. ಕಂಟ್ರೋಲ್, ಶಿಫ್ಟ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಬೇಕು, ಇಲ್ಲದಿದ್ದರೆ ಒಂದೇ ಅಂಕಿ ಕಾಣುತ್ತದೆ. ಮೇಲಿನ ಅಂತಸ್ತಿನ ಸೆನ್ಸರ್‌ಗೆ ಬಂದ ಸಾಲು: −2.6, −3.1, 28.4.

ನನ್ನ ಕಾಲಂಗಳ ಕ್ರಮ ಮೊದಲು ಸೈನ್, ಆಮೇಲೆ ಕೊಸೈನ್. ಹಾಗಾಗಿ −2.6 ಸೈನ್‌ನದು ಅಂದುಕೊಂಡೆ. 28.4 ಸರಾಸರಿ, ಅದರಲ್ಲಿ ಅನುಮಾನವಿಲ್ಲ. ಏರಿಳಿತದ ಎತ್ತರ ಬೇಕಾದರೆ ಎರಡರ ವರ್ಗ ಕೂಡಿಸಿ ವರ್ಗಮೂಲ: 4.05 ಡಿಗ್ರಿ. ತುದಿ ಮುಟ್ಟುವ ಹೊತ್ತಿಗೆ ಎಟ್ಯಾನ್2 ಫಂಕ್ಷನ್, ಎರಡು ಅಂಕಿ ಕೊಟ್ಟರೆ ಕೋನ ಹೇಳುತ್ತದೆ. ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಅಭ್ಯಾಸ, ಅಲ್ಲಿಯಂತೆ ಮೊದಲು ಸೈನ್‌ನ ಅಂಕಿ, ಆಮೇಲೆ ಕೊಸೈನ್‌ನ ಅಂಕಿ ಕೊಟ್ಟೆ. ಮೈನಸ್ ಬಂತು. ಗಂಟೆಗೆ ತಿರುಗಿಸಿ 24 ಕೂಡಿಸಿದರೆ ಮಧ್ಯಾಹ್ನ 3:20. ನಂಬುವಂತೆಯೇ ಇತ್ತು.

ಖಾತ್ರಿಗೆ ಅದೇ ಡೇಟಾವನ್ನು ಆರ್ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್‌ಗೆ ಕೊಟ್ಟೆ. ಅಲ್ಲಿ ಸೈನ್‌ಗೆ −3.1, ಕೊಸೈನ್‌ಗೆ −2.6. ಅದಲು ಬದಲು! ಲಿನೆಸ್ಟ್ ಉತ್ತರವನ್ನು ಹಿಂದಿನಿಂದ ಮುಂದಕ್ಕೆ ಬರೆಯುತ್ತದೆ. ಕೊನೆಯ ಕಾಲಂನ ಅಂಕಿ ಮೊದಲು, ಮೊದಲ ಕಾಲಂನದು ಆಮೇಲೆ, ಸರಾಸರಿ ಕೊನೆಯಲ್ಲಿ. ಸರಿಮಾಡಿದೆ. ಹೊತ್ತು 2:40 ಆಯಿತು. ಸರಿಮಾಡಿದ ಮೇಲೆ ಗ್ರಾಫ್ ಹಾಕಿದರೆ ಗೆರೆ ಚುಕ್ಕಿಗಳಿಂದ ನಲವತ್ತು ನಿಮಿಷ ಹಿಂದೆ ಸರಿದಿತ್ತು.

ಎರಡನೇ ತಪ್ಪು ಎಟ್ಯಾನ್2ರದು. ಪೈಥಾನ್, ಆರ್ ಎರಡರಲ್ಲೂ ಮೊದಲು ವೈ, ಆಮೇಲೆ ಎಕ್ಸ್. ಸ್ಪ್ರೆಡ್‌ಶೀಟ್‌ನಲ್ಲಿ ಮೊದಲು ಎಕ್ಸ್, ಆಮೇಲೆ ವೈ. ಅಂದರೆ ಕ್ಯಾಲ್ಕ್‌ಗೆ ಕೊಸೈನ್‌ನ ಅಂಕಿ ಮೊದಲು ಕೊಡಬೇಕು. ನನ್ನ ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ ಮೊದಲ ಉತ್ತರ ಸರಿಯಾಗಿತ್ತು. ಒಂದನ್ನು ಮಾತ್ರ ತಿದ್ದಿದಾಗ ಕೆಟ್ಟಿತು. ಎರಡನ್ನೂ ತಿದ್ದಿದ ಮೇಲೆ ಮತ್ತೆ 3:20.

ಇದು ಕಣ್ಣಿಗೆ ಬೀಳದಿರಲು ಇನ್ನೂ ಒಂದು ಕಾರಣ ಇದೆ. ಸೈನ್, ಕೊಸೈನ್ ಅದಲು ಬದಲಾದರೆ ಕೋನ 90ರಿಂದ ಕಳೆದಂತೆ ತಿರುಗುತ್ತದೆ. ತುದಿ ಸರಿಯಾಗಿ ಮಧ್ಯಾಹ್ನ 3ಕ್ಕೋ ಬೆಳಗಿನ ಜಾವ 3ಕ್ಕೋ ಇದ್ದರೆ ಅದಲು ಬದಲಾದರೂ ಉತ್ತರ ಅದೇ! ಸೆಕೆ ತುದಿ ಮುಟ್ಟುವುದೇ ಮೂರರ ಆಸುಪಾಸು. ತಪ್ಪು ಅಡಗಿ ಕೂರಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಹಾಗಾಗಿ ಈಗ ನಾನು ಮಾಡುವುದು: ನಿಜವಾದ ಡೇಟಾ ಮುಟ್ಟುವ ಮುಂಚೆ ಸುಳ್ಳು ಡೇಟಾ ಒಂದು ಮಾಡಿಕೊಳ್ಳುತ್ತೇನೆ. ತುದಿ ಬೆಳಿಗ್ಗೆ 6ಕ್ಕೆ ಇರುವ ಹಾಗೆ. ಸ್ಪ್ರೆಡ್‌ಶೀಟು 6 ಅಂದರೆ ಸರಿ. 12 ಗಂಟೆ ರಾತ್ರಿ ಅಂದರೆ ಎಲ್ಲೋ ಅದಲು ಬದಲಾಗಿದೆ. ಸುಳ್ಳು ಡೇಟಾಗೆ 3 ಗಂಟೆ ಮಾತ್ರ ಆರಿಸಬೇಡಿ.

ಹಂತ 4: ಇನ್ನೊಂದು ಜೋಡಿ

ಆರ್-ಸ್ಕ್ವೇರ್ 0.80. ಅಳತೆಯಿಂದ ಗೆರೆ ಕಳೆದು ಉಳಿದದ್ದನ್ನು ಗಂಟೆವಾರು ಹಾಕಿ ನೋಡಿದೆ. ಉಳಿದದ್ದು ಸುಮ್ನೆ ಚದುರಿರಬೇಕಿತ್ತು. ಇಲ್ಲಿ ದಿನಕ್ಕೆ ಎರಡು ದಿಬ್ಬ ಎದ್ದು ಕಾಣುತ್ತಿತ್ತು. ಕಾರಣ ಮೇಲಿನ ಸಿಮೆಂಟ್ ಶೀಟು. ಬಿಸಿಲು ಬಿದ್ದ ಕೂಡಲೇ ಬೇಗ ಕಾಯುತ್ತದೆ, ಸಂಜೆ ನಿಧಾನವಾಗಿ ಆರುತ್ತದೆ. ಏರುವುದಕ್ಕೂ ಇಳಿಯುವುದಕ್ಕೂ ಒಂದೇ ಹೊತ್ತು ಹಿಡಿಯುವ ಒಂಟಿ ಅಲೆಗೆ ಇದು ಬಗ್ಗುವುದಿಲ್ಲ.

12 ಗಂಟೆಗೊಮ್ಮೆ ಮರಳುವ ಅಲೆಯ ಸೈನ್, ಕೊಸೈನ್ ಇನ್ನೆರಡು ಕಾಲಂ ಸೇರಿಸಿದೆ. ಎರಡಕ್ಕೂ 0.78 ಬಂತು, ಆರ್-ಸ್ಕ್ವೇರ್ 0.86 ಆಯಿತು. ಗಮನಿಸಿ, ಈಗ ಎಟ್ಯಾನ್2 ಕೆಲಸಕ್ಕೆ ಬರುವುದಿಲ್ಲ. ಎರಡು ಅಲೆ ಕೂಡಿದಾಗ ತುದಿ ಎಲ್ಲಿ ಅಂತ ಹೇಳುವ ಸುಲಭದ ಸೂತ್ರ ಇಲ್ಲ. ಕಾಲು ಗಂಟೆಗೊಂದರಂತೆ ಲೆಕ್ಕ ಹಾಕಿದ ಪಟ್ಟಿ ಮಾಡಿ ಅದರಲ್ಲೇ ದೊಡ್ಡದನ್ನು ಹುಡುಕಬೇಕು. ಹುಡುಕಿದರೆ ತುದಿ 2:30ರ ಹತ್ತಿರ, 33.3 ಡಿಗ್ರಿ. ಒಂಟಿ ಅಲೆ 3:20ಕ್ಕೆ 32.4 ಅಂದಿತ್ತು. ಹತ್ತಿರ ಹತ್ತಿರ ಒಂದು ಡಿಗ್ರಿಯನ್ನು ಅದು ಬಚ್ಚಿಟ್ಟಿತ್ತು. ತೀರಾ ತಂಪು ಬೆಳಿಗ್ಗೆ 5:30ಕ್ಕೆ, 24.4.

ಆದರೆ ಗೋಣಿಗೆ ಬೇಕಾದದ್ದು ತುದಿಯ ಹೊತ್ತೇ ಅಲ್ಲ ಅಂತ ಈ ಪಟ್ಟಿ ನೋಡಿದ ಮೇಲೆ ಹೊಳೆಯಿತು. 30 ಡಿಗ್ರಿ ದಾಟುವುದು ಬೆಳಿಗ್ಗೆ 10:45ಕ್ಕೆ. ಮತ್ತೆ ಅದರ ಕೆಳಗೆ ಇಳಿಯುವುದು ಸಂಜೆ 6:40ಕ್ಕೆ. ಸುಮಾರು ಎಂಟು ಗಂಟೆ ಹುಳು 30ರ ಮೇಲೆ. ನಾವು ಹನ್ನೆರಡಕ್ಕೆ ಕಟ್ಟಿ ನಾಲ್ಕಕ್ಕೆ ಮರೆತುಬಿಡುತ್ತಿದ್ದೆವು.

8 ಗಂಟೆಯ ಜೋಡಿ, 6 ಗಂಟೆಯ ಜೋಡಿ ಅಂತ ಸೇರಿಸುತ್ತಾ ಹೋದೆ. ಆರ್-ಸ್ಕ್ವೇರ್ ಚೂರು ಚೂರೇ ಏರುತ್ತಲೇ ಇರುತ್ತದೆ, ಅದಕ್ಕೆ ಮರುಳಾಗಬಾರದು. ಕೊನೆಯ ವಾರದ ಡೇಟಾ ಪಕ್ಕಕ್ಕಿಟ್ಟು, ಮೊದಲ ಎರಡು ವಾರದಲ್ಲಿ ಕೂರಿಸಿದ ಗೆರೆ ಆ ವಾರಕ್ಕೆ ಹೊಂದುತ್ತದಾ ಅಂತ ನೋಡಿದೆ. ಎರಡು ಜೋಡಿಯವರೆಗೆ ಲಾಭ. ಮೂರನೆಯದರಿಂದ ಏನೂ ಇಲ್ಲ.

ಹಂತ 5: ಮಳೆ ಬಂದು ಕೆಡಿಸಿದ್ದು

ಅಳತೆ ಮುಂದುವರಿಸಿದ್ದೆ. ನಡುವೆ ಮಾವಿನ ಮಳೆ ಬಂತು. ಹೊಸ ಸಾಲುಗಳನ್ನು ಸೇರಿಸಿದ ತಕ್ಷಣ ಆರ್-ಸ್ಕ್ವೇರ್ 0.71ಕ್ಕೆ ಬಿತ್ತು. ಮಳೆ ದಿನ 1, ಒಣ ದಿನ 0 ಅಂತ ಒಂದು ಕಾಲಂ ಹಾಕಿದೆ. ಸಾಲಲಿಲ್ಲ. ಅದು ಇಡೀ ಗೆರೆಯನ್ನು ಮೇಲೆ ಕೆಳಗೆ ಸರಿಸುತ್ತದೆ ಅಷ್ಟೇ. ಮೋಡ ಕವಿದ ದಿನ ಕಡಿಮೆಯಾಗುವುದು ಸರಾಸರಿ ಮಾತ್ರ ಅಲ್ಲ, ಏರಿಳಿತವೂ ಕುಗ್ಗುತ್ತದೆ. ಆ ಮಳೆಯ ಕಾಲಂನಿಂದ ನಾಲ್ಕು ಅಲೆಯ ಕಾಲಂಗಳನ್ನೂ ಗುಣಿಸಿ ಇನ್ನು ನಾಲ್ಕು ಕಾಲಂ ಮಾಡಿದ ಮೇಲೆ 0.87ಕ್ಕೆ ಬಂತು. ಮಳೆ ದಿನದ ಸರಾಸರಿ 26.1.

ಒಟ್ಟು ಒಂಬತ್ತು ಕಾಲಂ ಆಯಿತು. ಲಿನೆಸ್ಟ್ ಹಿಂದುಮುಂದಾಗಿ ಕೊಡುವ ಒಂಬತ್ತು ಅಂಕಿಯನ್ನು ಓದುವುದು ಹಿಂಸೆ. ಇಲ್ಲಿಂದ ಮುಂದೆ ಆರ್‌ನಲ್ಲೇ ಮಾಡಿದೆ. ಅದು ಪ್ರತಿ ಅಂಕಿಯ ಪಕ್ಕ ಹೆಸರು ಬರೆಯುತ್ತದೆ.

ಹಂತ 6: ಪ್ಲಸ್ ಮೈನಸ್ ಎಷ್ಟು ನಂಬಬೇಕು

ಐದು ನಿಮಿಷದ ಸಾಲುಗಳನ್ನೇ ಕೊಟ್ಟಾಗ ಸೈನ್‌ನ ಅಂಕಿಗೆ ಸಾಫ್ಟ್‌ವೇರ್ ಹೇಳಿದ ತಪ್ಪಿನ ಅಂದಾಜು 0.02. ಗಂಟೆಯ ಸರಾಸರಿ ಕೊಟ್ಟಾಗ 0.08. ಅದೇ ಮನೆ, ಅದೇ ಮೂರು ವಾರ, ಅದೇ ಸೆನ್ಸರ್. ಸಾಲು ಜಾಸ್ತಿ ಮಾಡಿದ ಮಾತ್ರಕ್ಕೆ ನನಗೆ ನಾಲ್ಕು ಪಟ್ಟು ಖಚಿತವಾಗಿ ಗೊತ್ತಾಗಿಬಿಡುತ್ತದಾ?

ಇಲ್ಲ. ಸಾಫ್ಟ್‌ವೇರ್ ಪ್ರತಿ ಸಾಲನ್ನೂ ಬೇರೆ ಬೇರೆ ಸಾಕ್ಷಿ ಅಂದುಕೊಳ್ಳುತ್ತದೆ. ನಿಜದಲ್ಲಿ ಹತ್ತು ಗಂಟೆಗೆ ಅಂದಾಜಿಗಿಂತ ಸೆಕೆ ಇದ್ದರೆ ಹನ್ನೊಂದಕ್ಕೂ ಇರುತ್ತದೆ. ಅಳತೆಯಿಂದ ಗೆರೆ ಕಳೆದು ಉಳಿದ ಗಂಟೆವಾರು ಅಂಕಿಗಳನ್ನು ಒಂದು ಸಾಲು ಕೆಳಗೆ ಸರಿಸಿ ಅವುಗಳ ಜೊತೆಗೇ ಹೋಲಿಸಿದರೆ ಸಂಬಂಧ 0.8 ಬಂತು (1 ಅಂದರೆ ಪೂರ್ತಿ ಸಂಬಂಧ). ಅಷ್ಟಿದ್ದರೆ ತಪ್ಪಿನ ಅಂದಾಜನ್ನು ಮೂರು ಪಟ್ಟು ಮಾಡಿಕೊಳ್ಳುವುದು ಮರ್ಯಾದೆ. 0.24. ಹೊತ್ತಿನಲ್ಲಿ ಹೇಳಬೇಕಾದರೆ ಕಾಲು ಗಂಟೆ ಹಿಂದೆ ಮುಂದೆ. ಗೋಣಿ ಕಟ್ಟಲು ಅಷ್ಟು ಸಾಕು.

ಪಕ್ಕದ ತೋಟದವರು ಕೇಳಿದರು: "ಗೂಡಿನ ರೇಟಿಗೂ ಹಿಂಗೇ ಹಾಕೋಕೆ ಆಗ್ತದಾ?" ಹಾಕಬಹುದು, ಆದರೆ ಅಲೆಯ ಉದ್ದ ನಾವೇ ಹೇಳಬೇಕು, ಲೀನಿಯರ್ ರಿಗ್ರೆಷನ್ ತಾನಾಗಿ ಹುಡುಕುವುದಿಲ್ಲ. ನನ್ನ ಡೇಟಾದಲ್ಲಿ 20 ಗಂಟೆಯಿಂದ 28 ಗಂಟೆಯವರೆಗೆ ಒಂದೊಂದೇ ಉದ್ದ ಕೊಟ್ಟು ನೋಡಿದೆ. ತಪ್ಪು 24ರಲ್ಲೇ ಕಡಿಮೆ, ಆದರೆ 23.9ಕ್ಕೂ 24ಕ್ಕೂ ಅಂಥ ವ್ಯತ್ಯಾಸ ಇಲ್ಲ. ಮೂರು ವಾರದ ಡೇಟಾಗೆ ಅಷ್ಟು ಸೂಕ್ಷ್ಮ ಕಾಣುವುದಿಲ್ಲ. ಗೂಡಿನ ರೇಟು ವರ್ಷಕ್ಕೊಮ್ಮೆ ಏರಿಳಿಯುತ್ತದೆ ಅನ್ನಬೇಕಾದರೆ ಹಲವು ವರ್ಷದ ರೇಟು ಕೈಯಲ್ಲಿರಬೇಕು. ಅವರ ಹತ್ತಿರ ಇದ್ದದ್ದು ಶಿಡ್ಲಘಟ್ಟ ಮಾರುಕಟ್ಟೆಯ ಒಂದು ಕಟ್ಟು ಚೀಟಿ.

ಹಂತ 7: ಹುಳು ಬಂದ ಮೇಲೆ

ಚಾಕಿ ಬಂತು, ಸೊಪ್ಪು ಬಿತ್ತು, ಗೋಣಿ 10:30ಕ್ಕೆ ಕಟ್ಟಿದೆವು. ಸೆಕೆ ಇಳಿಯಿತು. ಚಾಕಿಗೆ ಆರ್ದ್ರತೆ (ಗಾಳಿಯ ತೇವ) ಶೇಕಡಾ 80ರಿಂದ 90 ಬೇಕು, ಹಾಗಾಗಿ ತೊಂದರೆ ಇರಲಿಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಅಪ್ಪ ತಡೆದರು.

"ದಿನವೆಲ್ಲ ಗೋಣಿ ಒದ್ದೆ ಇದ್ರೆ ಹುಳುವಿನ ಹಾಸಿಗೆ ಆರೋದು ಯಾವಾಗೋ? ರೋಗ ಬರ್ತದೆ."

ಅವರು ಹೇಳಿದ್ದು ಸರಿ. ದೊಡ್ಡ ಹುಳುವಿಗೆ 65ರಿಂದ 70 ಮೀರಬಾರದು. ನನ್ನ ಸ್ಪ್ರೆಡ್‌ಶೀಟು ನೋಡುತ್ತಿದ್ದದ್ದು ಸೆಕೆಯನ್ನು ಮಾತ್ರ.

ಹಾಗಾಗಿ ಮನೆಯ ಸಿಮೆಂಟ್ ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿದೆವು. ಗರಿ ತೋಟದ್ದೇ, ಕೂಲಿ 700 ರೂಪಾಯಿ. ಗೋಣಿಯನ್ನು ದೊಡ್ಡ ಹುಳುವಿದ್ದಾಗ ಪಡುವಣ ಕಿಟಕಿಗೆ ಮಾತ್ರ, ಅದೂ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ. ಗರಿ ಹಾಕಿದ ದಿನದಿಂದ 1, ಮುಂಚೆ 0 ಅಂತ ಇನ್ನೊಂದು ಕಾಲಂ, ಅದರಿಂದ ಗುಣಿಸಿದ ಅಲೆಯ ಕಾಲಂಗಳು. ಮೇಲಿನ ಅಂತಸ್ತಿನಲ್ಲಿ 24 ಗಂಟೆಯ ಅಲೆಯ ಎತ್ತರ 4.05ರಿಂದ 3.2ಕ್ಕೆ ಇಳಿದಿದೆ. ಕೆಳಗಿನ ಅಂತಸ್ತಿನಲ್ಲಿ ವ್ಯತ್ಯಾಸ ಹೇಳುವಷ್ಟಿಲ್ಲ, ಅಲ್ಲಿ ಮೊದಲೂ ಅಷ್ಟು ಸೆಕೆ ಇರಲಿಲ್ಲ. ಇದರಲ್ಲಿ ಎಷ್ಟು ಗರಿಯದು, ಎಷ್ಟು ಹುಳು ಸೊಪ್ಪಿನದು ಅಂತ ಬಿಡಿಸಲು ಆಗಿಲ್ಲ. ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಬಂದವು, ಕಾಲಂಗಳೂ ಹೆಚ್ಚುಕಡಿಮೆ ಒಂದೇ. ಬೆಳೆ ಮುಗಿದು ಮನೆ ಖಾಲಿಯಾದಾಗ ಗರಿ ತೆಗೆಯದೆ ಮತ್ತೆ ಅಳೆಯಬೇಕು.

ಆರ್ದ್ರತೆಯ ಕೆಲಸ ಇನ್ನೂ ಬಾಕಿ. ಮೊದಲು ಹಾಕಿದ, ಆರ್ದ್ರತೆ ಅಳೆಯುವ ಡಿಎಚ್‌ಟಿ22 ಸೆನ್ಸರ್, ಹಾಸಿಗೆಗೆ ಎರಚುವ ಸುಣ್ಣದ ಪುಡಿ ತುಂಬಿ ಕೆಟ್ಟಿತು, 250 ರೂಪಾಯಿ ಹೋಯಿತು. ಇನ್ನೊಂದು ತಂದು ತೆಳು ಬಟ್ಟೆ ಸುತ್ತಿ ನಡುವಿನ ಅಂತಸ್ತಿಗೆ ನೇತುಹಾಕಿದ್ದೇನೆ. ಬಟ್ಟೆಯಿಂದಾಗಿ ಅಳತೆ ಎಷ್ಟು ತಡವಾಗಿ ಬರುತ್ತದೆ ಅಂತ ನೋಡಲು ಪಕ್ಕದಲ್ಲೇ ಬಟ್ಟೆ ಇಲ್ಲದ ಇನ್ನೊಂದನ್ನು ಸುಣ್ಣ ಎರಚದ ದಿನಗಳಲ್ಲಿ ಇಡಬೇಕು. ಎರಡಕ್ಕೂ ಅದೇ ಸೈನ್, ಕೊಸೈನ್ ಕೂರಿಸಿ ತುದಿಯ ಹೊತ್ತು ಹೋಲಿಸಿದರೆ ತಡ ಎಷ್ಟು ಅಂತ ಸಿಗುತ್ತದೆ.